ನಾಲಿಗೆಯಡಿಯ ಮಾತ್ರೆ

ಅರಸೀಕೆರೆಯ ಆಸ್ಪತ್ರೆಯೊಂದರಲ್ಲಿ ಹಲ್ಲುನೋವಿಗೆ ಸರದಿ ಕಾಯುತ್ತಿದ್ದ ಇಂದುಧರನ ಕಿವಿಯೆಲ್ಲ ಪಕ್ಕದ ಬೆಂಚಿನಲ್ಲಿತ್ತು. ಅಲ್ಲಿ ಲಕ್ಕಮ್ಮ, ಅವಳ ಅಕ್ಕ, ನಡುವೆ ತುಟಿ ಬಿಗಿದು ಕೂತ ಲಕ್ಕಮ್ಮನ ಬೆಳೆದ ಮಗ ಸಿದ್ಧಾರ್ಥ.

"ಏನ್ಲಾ, ದೊಡ್ಡಮ್ಮ ಗಂಡಸಿ ಊರಿಂದ ಬಂದವ್ಳೆ, ಮಾತೇ ಇಲ್ವಾ?"

"ಮಾತಾಡಿಸ್ಬೇಡ ಕಣಕ್ಕ. ನಾಲಿಗೆ ಕೆಳಗೆ ಮಾತ್ರೆ ಐತೆ, ಕರಗೋವರ್ಗೂ ನುಂಗಂಗಿಲ್ಲ. ಮೊದಲ್ನೇ ಸಲ ನಾನೇ ಹಾಲು ಕುಡಿಸಿ ನುಂಗಿಸ್ಬಿಟ್ಟೆ, ಕೆಲಸಾನೇ ಮಾಡ್ಲಿಲ್ಲ."

"ಹೆರಾಯಿನ್ ಬಿಡಿಸೋಕೆ ಇಷ್ಟು ಚೂರು ಮಾತ್ರೆನಾ?"

"ಅದು ಬಿಟ್ಟಾಗ ಮೈಯೆಲ್ಲ ನಡುಗಿ ಗೋಡೆಗೆ ತಲೆ ಚಚ್ಕೊಂಡ ಕಣಕ್ಕ. ಈಗ ಕೈ ನೋಡು."

ದೊಡ್ಡಮ್ಮ ಅವನ ಕೈಯನ್ನು ಪ್ರಸಾದದಂತೆ ಎತ್ತಿಕೊಂಡಳು.

"ಅಲ್ಲಾಡ್ತಾನೇ ಇಲ್ವಲ್ಲೇ. ನಿಮ್ಮಪ್ಪನ ಕೈಗಿಂತ ಗಟ್ಟಿ ಕಣ್ಲಾ. ಅವ್ನು ಟೀ ಹಿಡಿದ್ರೆ ಅರ್ಧ ಪಂಚೆಗೇ."

"ನಗಿಸ್ಬೇಡ ಅಕ್ಕ, ನುಂಗ್ಬಿಟ್ಟಾನು."

ಸಿದ್ಧಾರ್ಥನ ಕೆನ್ನೆ ಉಬ್ಬಿತು, ತುಟಿ ಮಾತ್ರ ಬಿಚ್ಚಲಿಲ್ಲ. ನರ್ಸ್ ಬಂದು ನಾಲಿಗೆ ಎತ್ತಿಸಿ ನೋಡಿ, "ಕರಗಿದೆ, ಇನ್ನು ಮಾತಾಡಪ್ಪ" ಎಂದರು.

"ದೊಡ್ಡಮ್ಮ, ಹಸಿವಾಗ್ತೈತೆ."

ಲಕ್ಕಮ್ಮ ಎದ್ದೇ ನಿಂತಳು. "ಏನಂದೆ? ನೀರು ಕುಡಿದ್ರೂ ಕಕ್ತಿದ್ದ ಕಣಕ್ಕ ಇವ್ನು. ಇನ್ನೊಂದ್ಸಲ ಅನ್ನು ಮಗ."

"ಹಸಿವು ಕಣವ್ವ."

ಇಬ್ಬರೂ ಅವನ ಒಂದೊಂದು ಕೈ ಹಿಡಿದು ಹೋಟೆಲಿನ ಕಡೆ ನಡೆದರು. ಅವರನ್ನೇ ನೋಡುತ್ತಿದ್ದ ಇಂದುಧರನಿಗೆ ನರ್ಸ್ ತನ್ನ ಹೆಸರು ಕೂಗಿದ್ದು ಕೇಳಿಸಲೇ ಇಲ್ಲ.