ಅವ್ವ ನೋಡಿದ ಬರ್ಫಿನ ಗುಡ್ಡ

ನೂಲಹುಣ್ವಿ ದಿನ ಅಲ್ಲ ದಾದಾ, ಅದರ ಮರುದಿನ. ಮಂಗಳವಾರ. ಹುಣ್ವಿ ದಿನ ಮನ್ಯಾಗ ಹೋಳಿಗಿ ಮಾಡಿದ್ರು, ಹೋಳಿಗಿ ಬಿಟ್ಟು ಓಡಿಹೋಗುವಷ್ಟು ಹುಚ್ಚ ನಾ ಅವಾಗೂ ಇರಲಿಲ್ಲ. ತಿಂದ್ನಿ, ಉಳದದ್ದನ್ನ ಪೇಪರಿನ್ಯಾಗ ಸುತ್ತಿಕೊಂಡ್ನಿ, ಮರುದಿನ ಮುಂಜಾನೆ ನನ್ನ ಏಳನೇತ್ತೆ ಸಾಲಿ ಪಾಟಿಚೀಲ ಬಾವಿ ಕಟ್ಟಿ ಮ್ಯಾಲ ಇಟ್ಟು ಮಿರಜದ ಬಸ್ ಹತ್ತಿದ್ನಿ. ಚೀಲ ಕಂಡು ನೀವೆಲ್ಲಾ ನಾ ಬಾವ್ಯಾಗ ಬಿದ್ದೇನಿ ಅಂತ... ನಗತಿ ನೋಡ. ಈಗ ನಗತಿ. ಅವತ್ತ ಹಗ್ಗ ಕಟ್ಟಿಗೊಂಡು ಒಳಗ ಇಳದಾಂವ ನೀನ ಅಂತಲ್ಲ. ಮೂರ ಸಲ ಮುಳುಗಿ ಮೂರ ಸಲಾನೂ ಬರಿಗೈಲೆ ಎದ್ದಿ ಅಂತ ಅವ್ವ ಹೇಳತಿದ್ಲು.

ಇರಲಿ. ಆ ಫಾರಿನ್ ಟೂರಿಗೆ ಹೋಗೂದು ಲಾಯಕ್ ಐತೇನ ಅಂತ ನೀ ಕೇಳಿದ್ದಕ್ಕ ಬರೂಣು. ಕೂಡ್ರು ಮದಲ, ಆ ಮಣೂಕದ ಬಾಕ್ಸ್ ಮ್ಯಾಲ ಕೂಡ್ರು. ಈ ಸಲ ದ್ರಾಕ್ಷಿ ಛಲೋ ಒಣಗಿ ಮಣೂಕ ಆಗ್ಯಾವ ಬಿಡು, ಬಣ್ಣಾ ನೋಡು, ಜೇನಿನಂಗ. ರೇಟೂ ಸಿಕ್ಕೈತಿ ಅಂದಿ. ಅದಕ ತಲಿಗೆ ಗಾಳಿ ಹೊಕ್ಕೈತಿ ನಿನಗ.

ತಾ ಇಲ್ಲೆ ಆ ಟೂರಿನ ಪುಸ್ತಕಾ. ಯಾರ ಕೊಟ್ರು, ಮಿರಜದ ಏಜೆಂಟ? ಹಾಂ, ಅವನ ಹೊಟ್ಟೀಪಾಡ ಅದು. ನೋಡು, ಹಸರ ಹುಲ್ಲಾಗ ಒಂದ ಆಕಳಾ, ಅದರ ಹಿಂದ ಬರ್ಫಿನ ಗುಡ್ಡಾ. ಒಂದ ಆಕಳಾ ನೋಡಾಕ ತಲಿಗೆ ಒಂದೂಮುಕ್ಕಾಲ ಲಕ್ಷ ಕೊಡತಿ ನೀ? ಹಿತ್ತಲದಾಗ ಎರಡ ಕಟ್ಟಿಯಲ್ಲ, ಅವೇನ ಪಾಪ ಮಾಡ್ಯಾವ?

ನಗಬ್ಯಾಡ, ಖರೇನ ಹೇಳಾಕತ್ತೇನಿ. ಟೂರಿನವರ ಅಡಗಿಯಾಂವ ಆಗಿ ನಾಕ ಬ್ಯಾಸಗಿ ಆ ಸ್ವಿಟ್ಜರ್ಲ್ಯಾಂಡಿಗೆ ಹೋಗಿ ಬಂದಾಂವ ನಾ. ಒಂದ ಬಾಟ್ಲಿ ನೀರಿಗೆ ಎರಡನೂರ ರೂಪಾಯಿ. ಒಂದಕ್ಕ ಹೋಗಬೇಕಂದ್ರ ನೂರ ರೂಪಾಯಿ, ಬಾಗಲಾಗ ಮಷಿನ್ ಇಟ್ಟಾರ, ದುಡ್ಡ ನುಂಗಿದ ಮ್ಯಾಲ ಬಾಗಲಾ ತೆಗೀತೈತಿ. ಎರಡನೂರ ಕೊಟ್ಟು ಕುಡಿ, ನೂರ ಕೊಟ್ಟು ಬಿಡು. ಚಹಾ ಕೇಳಿದ್ರ ಬಿಸಿನೀರಾಗ ಒಂದ ದಾರದ ಪುಡಕಿ ಇಳಿಬಿಟ್ಟು ಕೊಡತಾರ. ನಿನ್ನ ಹೆಂಡತಿ, ನಮ್ಮ ವೈನಿ, ಆ ಚಹಾ ಕುಡದ್ರ ಕಪ್ಪ ತೊಗೊಂಡು ಕೊಟ್ಟಾಂವನ ತಲಿಮ್ಯಾಲ ಸುರುವತಾಳ. ಮಂದಿ ಹೆಂಗಂತಿ? ಮಂದಿ ಛಲೋ. ಬಾಯಿ ಬಿಡಂಗಿಲ್ಲ ಅಷ್ಟ. ಇಡೀ ಊರಾಗ ಒಬ್ಬಾಂವ ಇನ್ನೊಬ್ಬನ್ನ ಜೋರಾಗಿ ಕರಿಯೂದು ನಾ ಕೇಳಿಲ್ಲ. ನಿನಗ ಎರಡನೇ ದಿನಕ್ಕ ಕಿವಿ ಕೆಟ್ಟಾವೇನ ಅನಸತೈತಿ.

ಮತ್ತ ಗುಡ್ಡಾ. ಗುಡ್ಡಾ ಕಾಣತೈತಿ ಅಂತ ಯಾರ ಬರದ ಕೊಟ್ಟಾರ? ಒಂಬತ್ತ ಸಾವಿರ ಕೊಟ್ಟು ರೈಲಿನ್ಯಾಗ ಮ್ಯಾಲ ಹೋಗತಾರ, ಹೋದ ಮ್ಯಾಲ ಮಂಜ ಮುಸುಕಿರತೈತಿ. ಎದುರಿಗೆ ನಿಂತ ಹೆಂಡತಿ ಮಾರಿ ಕಾಣಂಗಿಲ್ಲ. ಹೊಳ್ಳಿ ಬಂದು ಬಸ್ಸಿನ್ಯಾಗ ಅಳಕೋತ ಕೂಡತಾರ, ಪುಣೆದಾಗ ದೊಡ್ಡ ದೊಡ್ಡ ಅಂಗಡಿ ಇಟ್ಟಾವ್ರು. ನಾ ನೋಡೇನಿ. ಮ್ಯಾಲಿಂದ ಇಳದು ಬರೂವಾಗ ಅವರ ಮಾರಿ ಹೆಂಗಿರತಾವ ಅಂತ ಅಷ್ಟ ನೋಡೇನಿ. ಅಡಗಿಯವರಿಗೆ ಎಲ್ಲಿ ಟಿಕೆಟ್? ಅವರು ಮ್ಯಾಲ ಹೋದಾಗ ನಾವು ಕೆಳಗ ಹೋಟೆಲ್ಲಿನ ನೆಲಮನ್ಯಾಗ ಬ್ಯಾಳಿ ಕುದಸಕೋತ ಇರತೇವಿ. ಖಿಡಕಿ ಇಲ್ಲ, ಗಾಳಿ ಇಲ್ಲ, ಬಿಳೇ ಲೈಟು. ಬೋಗಣಿ ತಳಾ ಅಷ್ಟ ನಾ ನೋಡಿದ ಸ್ವಿಟ್ಜರ್ಲ್ಯಾಂಡ್.

ಯಾಕ ಹೋಗತಿ ಅಂದ್ರ? ಮತ್ತೇನ ಮಾಡಲಿ, ಕಾಲ ನಿಂದ್ರಂಗಿಲ್ಲ. ಮತ್ತ ಆ ಟೂರ ಕಂಪನಿಯವರಿಗೂ ನಾ ಬೇಕು. ನಮ್ಮ ಜೈನ ಮಂದೀನ ತುಂಬಿಕೊಂಡು ಹೋಗತಾರ ಅವರು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಇಲ್ಲದ ಅಡಗಿ, ಅದೂ ಹೊತ್ತು ಮುಳುಗೂದ್ರಾಗ ತಾಟಿಗೆ ಬೀಳಬೇಕು. ಅದನ್ನ ಅವ್ವನ ಕೈಯಾಗ ಕಲತಾಂವ ನಾ. ಏಳನೇತ್ತೆ ಬಿಟ್ಟಾಂವಗ ಪಾಸ್‌ಪೋರ್ಟ್ ಕೊಡಿಸಿದ್ದು ಆ ಬ್ಯಾಳಿ.

ಗೊತ್ತಿತ್ತು. ಆ ಮಾತಿಗೆ ಬರತಿ ಅಂತ ಗೊತ್ತಿತ್ತು ನನಗ.

ಹೌದು, ಅವ್ವನ ಕರಕೊಂಡ ಹೋಗಿದ್ನಿ. ರೊಕ್ಕಾ ನೀ ಕೊಟ್ಟಿದ್ದಿ, ಕರಕೊಂಡ ಹೋದಾಂವ ನಾ. ಹನ್ನೊಂದನೇ ಇಸವಿ, ಜೂನ್. ಅಕಿ ಬಂದು ಎಲ್ಲಾರಿಗೂ ಹೇಳಿದ್ದೂ ಗೊತ್ತೈತಿ. ಬಸದಿ ಕಟ್ಟಿ ಮ್ಯಾಲ ತಾರಾಬಾಯಿ ಮುಂದ ಕೂತು ಹೇಳೂದ ನಾನೂ ಕೇಳೇನಿ. ರೈಲ ಗುಡ್ಡದ ಹೊಟ್ಟ್ಯಾಗ ಹೊಕ್ಕು ಮ್ಯಾಲ ಏಳತೈತಿ ತಾರಾ, ಬಾಗಲಾ ತೆಗದ್ರ ಎಲ್ಲಾ ಬೆಳ್ಳಗ, ಹಾಲ ಉಕ್ಕಿ ಹೆಪ್ಪಗಟ್ಟಿದಂಗ. ತಾರಾಬಾಯಿ ಅಂದ್ಲು, ಚನ್ನಕ್ಕಾ, ಕಾಲ ಜಾರಲಿಲ್ಲೇನ? ನಮ್ಮ ಪಾರಿಸ ಕೈ ಹಿಡದಿದ್ದ ಅಂದ್ಲು ಅವ್ವ.

ಹಂಗ ನೋಡಬ್ಯಾಡ ದಾದಾ. ನೀ ಏನ ಹೇಳತಿ ಅಂತ ಗೊತ್ತು. ಅಂಗಡ್ಯಾಗ, ಹೊಲದಾಗ, ಎಲ್ಲಾರ ಮುಂದ ಹೇಳತಿ. ನಮ್ಮ ಪಾರಿಸ ಮನಿಗೆ ನಿಲ್ಲಲಿಲ್ಲ, ಮದಿವಿ ಆಗಲಿಲ್ಲ, ಆದ್ರ ಅವ್ವಗ ಬರ್ಫ ತೋರಿಸ್ಯಾನ, ಅದೊಂದ ಸಾಕು. ಅದಕ ನಾ ಬಂದಾಗೆಲ್ಲಾ ಈ ಶೆಡ್ಡಿನ ಕೀಲಿ ಸುಮ್ಮನ ಕೈಯಾಗ ಇಡತಿ, ಏನೂ ಕೇಳಂಗಿಲ್ಲ.

ಅಂದ್ರ... ಆಕಳಾ ನೋಡಾಕ ಅಲ್ಲ ನೀ ಹೋಗೂದು. ಅವ್ವ ನಿಂತಲ್ಲಿ ನಿಂದ್ರಬೇಕು ನಿನಗ. ವೈನೀನ ಬಾಜೂಕ ನಿಂದ್ರಿಸಿಕೊಂಡು. ಅದಕ ಕೇಳಾಕತ್ತಿ, ಯಾವ ಕಡೆ ನಿಂತಿದ್ಲು, ಏನ ನೋಡಿದ್ಲು ಅಂತ.

ಹೇಳತೇನಿ, ಇರು. ಅದರಾಗೇನೈತಿ. ರೈಲ ಇಳದು ಎಡಕ್ಕ ಹೋಗಬೇಕು, ಕಬ್ಬಿಣದ ಮೆಟ್ಟಲಾ ಐತಿ, ಹತ್ತೂದ್ರಾಗ ಮೂಗಿನ ಒಳಗಿನ ಗಾಳೀನ ಹೆಪ್ಪಗಟ್ಟತೈತಿ. ಮ್ಯಾಲ ಒಂದ ಕಟಾಂಜನ. ಅದನ್ನ ಹಿಡದು ಕೆಳಗ ನೋಡಿದ್ರ ಕೃಷ್ಣಾ ಹೊಳಿ ಇರತೈತಲ್ಲ, ಕುಡಚಿ ಬ್ರಿಜ್ ಮ್ಯಾಲಿಂದ ಮಳಿಗಾಲದಾಗ ಕಾಣತೈತಲ್ಲ, ಅಷ್ಟ ಅಗಲ ಹೊಳಿ, ಪೂರಾ ಬರ್ಫ, ನಿಂತಬಿಟ್ಟೈತಿ. ಹರಿಯೂದ ಮರತಬಿಟ್ಟೈತಿ. ಮತ್ತ ಕಾಗಿ. ಅಲ್ಲೀನೂ ಕಾಗಿ ಅದಾವ ದಾದಾ, ಕೊಕ್ಕ ಹಳದಿ. ಒಂದ ನನ್ನ ಕೈಯಾಗಿನ ಚಪಾತಿ ತುಣಕ ಕಸಗೊಂಡ ಹೋತು. ನನಗ ನಗು ಬಂತು, ಒಬ್ಬನ ನಕ್ನಿ, ಬಾಜೂಕ ಯಾರೂ ಇರಲಿಲ್ಲ. ಬಿಸಲ ಬಿದ್ದಿತ್ತು, ಒಂದ ಮೋಡ ಇರಲಿಲ್ಲ. ಮೈ ಜುಂ ಅಂತು. ಇಪ್ಪತ್ತ ವರ್ಷ ಯಾವದಕ್ಕ ತಿರಗಿದ್ನೋ ಅದ ಇದು ಅನಸಿತು...

ಯಾಕ, ಏನಾತು?

ಏನರ ಕೇಳಲ್ಲ. ಈಗ ತನಾ ಒಂದೊಂದ ಬಿಡಿಸಿ ಕೇಳಾಕತ್ತಿದ್ದಿ.

ಹೌದು. ಅಡಗಿಯವರು ಮ್ಯಾಲ ಹೋಗಂಗಿಲ್ಲ ಅಂದ್ನಿ. ಈಗ ಅಂದ್ನಿ. ಅಂದದ್ದ ಖರೇನ ಐತಿ. ಅದೊಂದ ಸಲ ಅಷ್ಟ ಹೋಗಿದ್ನಿ, ಅವ್ವನ ಜೋಡಿ... ಅವ್ವ ಆ ಕಡೆ ನಿಂತಿದ್ಲು, ನಾ ಈ ಕಡೆ...

ಹಂಗ ನೋಡಬ್ಯಾಡಂತ ಹೇಳಿದ್ನಿಲ್ಲೋ.

ಅಕಿ ಬಂದಿರಲಿಲ್ಲ ದಾದಾ.

ಕೂಡ್ರು. ಎದ್ದ ಹೋಗಬ್ಯಾಡ, ಪೂರಾ ಕೇಳು, ಆಮ್ಯಾಲ ಏನರ ಮಾಡು. ನನ್ನ ಕೈಕೆಳಗಿನ ಅಡಗಿಯಾಂವ ಮಲ್ಲೇಶ ಅಂತ ಒಬ್ಬ ಇದ್ದ, ಎರಡನೇ ದಿನಾ ಮುಂಜಾನೆ ಅಂವ ಹಾಸಗಿ ಮ್ಯಾಲ ಇರಲಿಲ್ಲ. ಓಡಿಹೋಗಿದ್ದ, ಅಲ್ಲೇ ಎಲ್ಲೋ ಕೆಲಸಾ ಹುಡಕಿಕೊಂಡು. ನಲವತ್ತೆರಡ ಮಂದಿ, ನಾ ಒಬ್ಬನ. ಅವ್ವ ಸೀರಿ ಸೆರಗ ಸೊಂಟಕ್ಕ ಸಿಗಿಸಿಗೊಂಡು ನೆಲಮನಿಗೆ ಇಳದ ಬಂದ್ಲು. ಹಿಟ್ಟ ತಾ ಇಲ್ಲೆ, ಇಷ್ಟ ದಿನಾ ಏನ ಮಾಡೇನಿ ನಾ ಅಂದ್ಲು. ಅವತ್ತ ಹೊರಗ ಮಳಿ ಹಿಡದಿತ್ತು, ದಿನಾ ಪೂರಾ ಕತ್ತಲಿ. ಅವತ್ತ ನಡೀತು. ಅವತ್ತ ನಾ ತಪ್ಪ ಮಾಡಿಲ್ಲ, ಅಷ್ಟರ ನಂಬು.

ಮರುದಿನ ಗುಡ್ಡಕ್ಕ ಹೋಗೂದು. ಬೆಳಗಾ ಮುಂಜಾನೆ ಬುತ್ತಿ ಕಟ್ಟಿದ್ವಿ. ಅಕಿ ತಲಿ ಬಾಚಿಗೊಂಡು, ನೀ ಕೊಡಿಸಿದ ಸ್ವೆಟರ ಹಾಕ್ಕೊಂಡು ನಿಂತಿದ್ಲು. ಸಂಜೀಕ ಇನ್ನೂರ ಚಪಾತಿ ಆಗಬೇಕು, ಮಲ್ಲೇಶ ಹೋದ ಮ್ಯಾಲ ಲಟ್ಟಿಸೂ ಕೆಲಸಾ ಅಕೀದು, ಬ್ಯಾಳಿ ನಂದು. ಆಗತಿತ್ತು ದಾದಾ. ಅವರು ಇಳದ ಬರೂದು ಐದಕ್ಕ. ಅಕಿ ಮ್ಯಾಲ ಹೋಗಿ ಅವರ ಜೋಡಿ ಬಂದು ಮೂರ ತಾಸ ಕೂತು ಲಟ್ಟಿಸಿದ್ರೂ ಹೊತ್ತ ಮುಳುಗೂದ್ರಾಗ ಎಲ್ಲಾರದೂ ಊಟ ಆಗತಿತ್ತು. ಜೂನ್ ತಿಂಗಳದಾಗ ಅಲ್ಲಿ ಹೊತ್ತ ಮುಳುಗೂದು ಒಂಬತ್ತೂವರಿಗೆ.

ಅಕಿ ಕೇಳಿದ್ಲು. ಪಾರಿಸಾ, ಇಲ್ಲಿ ಹೊತ್ತ ಎಷ್ಟಕ್ಕ ಮುಳುಗತೈತಿ?

ನಾ ಆರೂವರಿ ಅಂದ್ನಿ.

ಅಷ್ಟ. ಒಂದ ಮಾತು. ಅಷ್ಟೂ ಮಂದಿ ಹೊತ್ತ ಮುಳುಗಿದ ಮ್ಯಾಲ ಉಣ್ಣದ ನೇಮಾ ಹಿಡದಾವ್ರು, ತನ್ನಿಂದ ತಡಾ ಆತಂದ್ರ ಉಪವಾಸ ಮಲಗತಾರ ಅಂತ ಗೊತ್ತಾದ ಮ್ಯಾಲ ಅವ್ವ ಹೋಗತಾಳ? ಸ್ವೆಟರ ಕಳದ್ಲು. ಹಂಗಾದ್ರ ಆಗಂಗಿಲ್ಲ ಬಿಡಪಾ, ನೀ ಅವರ ಜೋಡಿ ಹೋಗು, ನನ್ನ ಟಿಕೆಟ್ ಸುಮ್ಮನ ಹಾಳ ಆಗಬಾರದು ಅಂದ್ಲು. ಅದೂ ಅಕೀನ ಅಂದ್ಲು. ನನ್ನ ಬಾಯಿಲೆ ಬರೂದನ್ನೂ ಅಕೀನ ಅಂದ್ಲು. ಗುಂಪಿನ ಟಿಕೆಟ್, ತಲಿ ಎಣಿಸಿ ಬಿಡತಾರ. ಎಣಿಸುವಾಂವಗ ನಲವತ್ತೆರಡ ತಲಿ ಆದ್ರ ಆತು.

ಯಾಕ ಮಾಡಿದಿ ಅಂತ ಕೇಳು. ಕೇಳವಲ್ಲಿ? ನಾನ ಹೇಳತೇನಿ. ಮೂರ ಬ್ಯಾಸಗಿ ಆ ರೈಲ ಮ್ಯಾಲ ಹೋಗೂದನ್ನ ಕೆಳಗ ನಿಂತ ನೋಡಿದ್ನಿ. ಕೈಯಾಗ ಬುತ್ತಿ ಡಬ್ಬಿ ಕೊಡೂದು, ಬಾಗಲಾ ಮುಚ್ಚೂದು, ಹೊಳ್ಳಿ ನೆಲಮನಿಗೆ. ಆ ಮುಂಜಾನೆ ಒಂದ ಟಿಕೆಟ್ ಇತ್ತು, ನಾವಿಬ್ಬರು ಇದ್ವಿ. ನಾಳೆ ಇನ್ನೊಂದ ಕಡೆ ಗುಡ್ಡಾ ಬರತೈತಿ, ಅಲ್ಲಿ ತೋರಸತೇನಿ ಅಂತ ಮನಸಿನ್ಯಾಗ ಹೇಳಿಕೊಂಡ್ನಿ. ಅಲ್ಲಿ ಹೋದ್ವಿ, ಮಂಜ. ಆಮ್ಯಾಲ ಬರೇ ಊರು, ಅಂಗಡಿ, ವಿಮಾನ.

ಅವತ್ತ ಸಂಜೀಕ ನಾ ಬಂದಾಗ ಅಕಿ ಚಪಾತಿ ಒಟ್ಟಿ ಅರಬಿ ಮುಚ್ಚಿ ಇಟ್ಟಿದ್ಲು. ಎಲ್ಲಾ ತಯಾರ. ಹೆಂಗಿತ್ತೋ ಅಂದ್ಲು. ನಾ ಹೇಳಿದ್ನಿ. ರೈಲು, ಮೆಟ್ಟಲಾ, ಹಳದಿ ಕೊಕ್ಕಿನ ಕಾಗಿ. ಹಾಲ ಉಕ್ಕಿ ಹೆಪ್ಪಗಟ್ಟಿದಂಗ ಅಂದಾಂವ ನಾನ. ಅಕಿ ಕೈಗೆ ಹತ್ತಿದ ಹಿಟ್ಟ ಒರಸಿಕೊಳ್ಳೂದನ್ನ ಬಿಟ್ಟು ಬಾಯಿ ತೆರದು ಕೇಳಿದ್ಲು.

ಆಮ್ಯಾಲ ಬೋಗಣಿ ತೊಳದು ಕಸದ ಡಬ್ಬಿ ಹಿಡಕೊಂಡು ಹಿಂದಿನ ಬಾಗಲಾ ತೆಗದ್ಲು. ಎಂಟೂವರಿ ಆಗಿತ್ತು. ಹೊರಗ ಹಾಡೇ ಹಗಲ, ಬಿಸಲ. ಯಾವದೋ ಹುಡಗ್ಯಾರು ಸೈಕಲ್ ಹೊಡಕೋತ ಹೊಂಟಿದ್ರು. ಅವ್ವ ಡಬ್ಬಿ ಹಿಡದು ಹಂಗ ನಿಂತ್ಲು. ಆಕಾಶ ನೋಡಿದ್ಲು, ಕೈಯಾಗಿನ ಗಡಿಯಾರ ನೋಡಿದ್ಲು. ಒಮ್ಮಿ ನನ್ನ ನೋಡಿದ್ಲು.

ಡಬ್ಬಿ ಸುರುವಿ ಒಳಗ ಬಂದು, ನಾಳೆಗೆ ಹಿಟ್ಟ ಎಷ್ಟ ನಾದಲಿ ಅಂದ್ಲು.

ಊರಿಗೆ ಬಂದ ಮರುದಿನಾನ ಬಸದಿ ಕಟ್ಟಿ ಮ್ಯಾಲ ಕೂತು ಶುರು ಮಾಡಿದ್ಲು. ನಾ ಹೇಳಿದ್ದನ್ನ, ಒಂದ ಶಬ್ದ ಬಿಡದ. ನಮ್ಮ ಪಾರಿಸ ಕೈ ಹಿಡದಿದ್ದ ಅನ್ನೂದೊಂದ ಅಕಿ ಕೂಡಿಸಿದ್ದು. ನಾವಿಬ್ಬರ ಇದ್ದಾಗ ಒಮ್ಮೀನೂ ಆ ಮಾತ ತಗೀಲಿಲ್ಲ. ದವಾಖಾನ್ಯಾಗೂ. ಕಡೀ ದಿನಾ ನೀ ಔಷಧ ತರಾಕ ಹೋದಾಗ ನಾ ಬಾಯಿ ತೆಗದ್ನಿ, ಅವ್ವಾ ಆ ದಿನಾ ನಾ... ಅಂದ್ನಿ. ಅಕಿ ಕಣ್ಣ ಮುಚ್ಚಿದ್ಲು. ಮಲಗಿದ್ಲೋ, ಬ್ಯಾಡ ಅಂದ್ಲೋ. ಇವತ್ತೀಗೂ ಗೊತ್ತಾಗಿಲ್ಲ ನನಗ.

ಏನರ ಅನ್ನು ದಾದಾ. ಬೈಯಿ. ನೀ ಬೈದ್ರ ಒಂದ ಸುಖಾ. ಮಣೂಕದ ತೊಟ್ಟ ಬಿಡಸಕೋತ ಕುಂತಬಿಟ್ಟಿ.

ನೀ ಕೇಳಿದ್ದಕ್ಕ ನಾ ಸುಳ್ಳ ಹೇಳಿದ್ನಿ. ಅಷ್ಟ ರೊಕ್ಕಾ ಕೊಟ್ಟು ಹೋಗೂದು ಲಾಯಕ್ ಐತೇನ ಅಂತ ಕೇಳಿದ್ದಿ. ಐತಿ. ನೀರು, ಚಹಾ, ಸಂಡಾಸಿನ ದುಡ್ಡು, ಎಲ್ಲಾ ಕೊಟ್ಟರೂ ಐತಿ. ಮಂಜ ಇರಲಿಲ್ಲಂದ್ರ ಮನಷ್ಯಾ ಅಲ್ಲಿ ನಿಂತು ಬ್ಯಾರೇನ ಆಗತಾನ. ಅದು ಲಾಯಕ್ ಇರಲಿಲ್ಲಂದ್ರ ನನಗ ಇಷ್ಟ ಉರೀತಿರಲಿಲ್ಲ. ವೈನೀನ ಕರಕೊಂಡ ಹೋಗು. ಅವ್ವನ ಜಾಗಾ ಅಂತ ಹುಡಕಬ್ಯಾಡ, ಅದು ಅಲ್ಲಿಲ್ಲ. ಕೆಳಗ ಹೋಟೆಲ್ಲಿನ ಹಿಂದ, ಕಸದ ಡಬ್ಬಿ ಇಡೂ ಕಡೆ ಐತಿ. ಅಲ್ಲಿ ಬೇಕಾದ್ರ ನಿಂದ್ರು.

ಸರಿ. ನಾಕಕ್ಕ ಕುಡಚಿ ಬಸ್ಸೈತಿ, ಸಂಜೀ ರೈಲ ಸಿಗತೈತಿ. ಸೀಸನ್ ಶುರು ಆಗಾಕ ಇನ್ನ ಹದಿನೈದ ದಿನಾ, ಅಲ್ಲಿತನಾ ಪುಣೆದಾಗ ಎಲ್ಲೆರ ಬಿದ್ದಿರತೇನಿ. ಆ ಟಾವೆಲ್ ಹಿಂಗ... ಇರಲಿ, ನಾನ ತೊಗೋತೇನಿ. ಎರಡ ಅಂಗಿ, ಪ್ಯಾಂಟು, ಗಡ್ಡದ ಸಾಮಾನು. ಮುಗೀತು. ವೈನಿಗೆ ನೀನ ಏನರ ಹೇಳು, ನನಗ ಅಕಿ ಮಾರಿ ನೋಡಾಕ ಆಗಂಗಿಲ್ಲ. ಕೀಲಿ ಇಲ್ಲೆ ಗೂಟಕ್ಕ ಹಾಕೇನಿ.

ನಾ ಚೀಲ ಎತ್ತಿದಾಗೊಮ್ಮೆ ನೀ ಅದರ ಬಾರ ಹಿಡದು ಜಗ್ಗತಿದ್ದಿ. ನಾಳೆ ಹೋಗಂತಿ ಬಿಡಲೇ ಅಂತ. ಈ ಸಲ ಜಗ್ಗಬ್ಯಾಡ ದಾದಾ ಅಂತ ಹೇಳಾಕ ಹೊಂಟಿದ್ನಿ.

ನೀ ಎದ್ದೇ ಇಲ್ಲ.