ತೂಕ ಆದ ಮೇಲೆ

"ಮೇಜು ಗಟ್ಟಿಯಾಗಿ ಹಿಡ್ಕೋ, ಊಟ ಈಗ ಬರುತ್ತೆ," ಎಂದಳು ಹಿರಿಯ ಕುಸ್ತಿಪಟು.

ಹೋಟೆಲಿನ ಪಕ್ಕದ ಮೇಜಿನಲ್ಲಿ ಊಟಕ್ಕೆ ಕಾಯುತ್ತಿದ್ದ ದರ್ಜಿ ಕಿವಿ ನಿಮಿರಿಸಿದ.

"ತೂಕ ಇಳಿಸೋಕೆ ನಿನ್ನೆಯಿಂದ ಉಪವಾಸ ಅಕ್ಕಾ. ತೂಕ ನೋಡಿದ್ದೂ ಆಯ್ತು, ಊಟ ಮಾತ್ರ ಬಂದಿಲ್ಲ," ಎಂದಳು ಕಿರಿಯವಳು.

"ಒಳಗೆ ಇನ್ನೂ ಭತ್ತ ನಾಟಿ ಮಾಡ್ತಿದ್ದಾರೇನೋ."

"ನಗಿಸ್ಬೇಡ. ಮುಂದಿನ ಕುಸ್ತಿ ನಂದೇ."

ದರ್ಜಿಯ ತಟ್ಟೆ ಮೊದಲು ಬಂತು. ಅವನು ಅದನ್ನು ಕಿರಿಯವಳತ್ತ ಸರಿಸಿದ. "ತಗೋಮ್ಮ, ನಾನು ಕಾಯ್ತೀನಿ."

ಎದುರಿನ ಕ್ರೀಡಾಂಗಣದ ಮೈಕು ಅವಳ ಹೆಸರು ಕೂಗಿತು. ತಟ್ಟೆಯತ್ತ ಚಾಚಿದ್ದ ಕೈಯನ್ನು ಅವಳು ಹಿಂದೆಳೆದುಕೊಂಡಳು.

"ಈಗ ತಿಂದ್ರೆ ಕುಸ್ತೀಲಿ ಎದುರಾಳಿ ಹೊಟ್ಟೇನೇ ಅದುಮ್ತಾಳೆ. ಹೋದ ಸಲ ಎಲ್ಲರೆದುರು ವಾಂತಿ ಮಾಡ್ಕೊಂಡೆ."

"ಎರಡೇ ತುತ್ತು ಕಣೇ, ತಲೆ ಸುತ್ತಿ ಬೀಳ್ತೀಯ."

"ಬೇಡ," ಎಂದು ತಟ್ಟೆ ತಳ್ಳಿ ಎದ್ದಳು.