ಅರ್ಧ ಕಪ್ಪಿನ ತಾರೀಖು

ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಕ್ಕ ತಂಗಿಯರಿಬ್ಬರು ಕೂತಿದ್ದರು. ಅಕ್ಕನ ಬಲಗೈ ನಡುಗುತ್ತಿತ್ತು.

“ಇದು ಆ ಹೊಸ ಮಾತ್ರೆಯಿಂದಾನೇ ಕಣೇ. ಬಿಟ್ರೆ ಹೋಗುತ್ತೆ.”

“ಮಾತ್ರೆ ಶುರುವಾಗಿದ್ದು ಜೂನ್‌ನಲ್ಲಿ. ನಡುಕ ಯಾವಾಗಿಂದ ಅಂತ ಡಾಕ್ಟರು ಕೇಳ್ತಾರಕ್ಕ. ನಿನ್ನ ಬ್ಲಾಗ್ ನೋಡು, ಸೊಪ್ಪು ಬಿಡಿಸಿದ್ದನ್ನೂ ಬರೀತೀಯಲ್ಲ!”

ಅಕ್ಕ ಫೋನಿನಲ್ಲಿ ಹುಡುಕಿದರು.

“ಇಲ್ಲಿದೆ. ‘ಇನ್ಮೇಲೆ ಚಹಾ ಅರ್ಧ ಕಪ್ಪೇ. ತುಂಬ ಹಾಕಿದರೆ ಸಾಸರಿಗೂ ಪಾಲು ಕೊಡಬೇಕಾಗುತ್ತೆ.’ ಆಗ್ಲೇ ಕೈ ಅಲುಗಿ ಚೆಲ್ತಿತ್ತು, ತಮಾಷೆಗೆ ಬರೆದಿದ್ದೆ.”

“ತಾರೀಖು?”

“ಮಾರ್ಚ್ ಒಂಬತ್ತು.”

“ಅಂದ್ರೆ... ಮಾತ್ರೆಯಿಂದ ಅಲ್ಲ.”

“ಅಲ್ಲ.”

“ಅದನ್ನ ತೋರಿಸ್ಬೇಡ ಬಿಡಕ್ಕ, ದೊಡ್ಡ ಕಾಯಿಲೆ ಅಂದ್ಬಿಟ್ರೆ? ಮೊದಲು ಮಾತ್ರೆ ನಿಲ್ಲಿಸಿ ನೋಡೋಣ.”

“ನನ್ನ ಬ್ಲಾಗು ಓದೋರೇ ಇಲ್ಲದ ಪುರಾಣ ಅಂತ ನೀನು ಆರು ವರ್ಷ ಅಣಕಿಸಿದೆ. ಇವತ್ತು ಒಬ್ರಾದ್ರೂ ಓದ್ಲಿ.”

ಒಳಗಿಂದ ಕರೆದರು. ಅಕ್ಕ ಆ ಪುಟವನ್ನು ಮುಚ್ಚದೆ, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದರು.